ಯಾರ ಮೈಮೇಲೆ ಕಲಿಯುವುದು?

ಸೇವೆ ಎಂಬ ಮಾತಿಗೆ ನಮ್ಮಲ್ಲಿ ಬಹಳ ಮರ್ಯಾದೆ. ಒಬ್ಬರು ಸೇವೆ ಮಾಡುತ್ತಿದ್ದಾರೆಂದರೆ ಅದರ ಲೆಕ್ಕಪತ್ರ ಕೇಳುವುದು ಸಭ್ಯತೆಯಲ್ಲವೆಂದು ಸುಮ್ಮನಾಗುತ್ತೇವೆ. ಅದರಲ್ಲೂ ದೇವರ ಹೆಸರು ಹೇಳಿ, ಸಮುದ್ರ ದಾಟಿ, ಗುರುತು ಪರಿಚಯವಿಲ್ಲದ ಬಡವರ ಬಳಿಗೆ ಹೋದವರನ್ನಂತೂ ಪ್ರಶ್ನಿಸುವವರೇ ಇಲ್ಲ. ಈಚೆಗೆ ನಾನು ಈ ಬಗ್ಗೆ ಯೋಚಿಸಲು ತೊಡಗಿದ್ದು ಒಬ್ಬ ಹುಡುಗಿಯ ದೆಸೆಯಿಂದ.

ಈಕೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು. ತಾಯಿ ಉಡುಪಿಯ ಕಡೆಯವಳು. ನರ್ಸಿಂಗ್ ಕಲಿತು, ಕೊಲ್ಲಿ ದೇಶದಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಇಂಗ್ಲೆಂಡಿನಲ್ಲಿ ನೆಲೆಸಿದವಳು. ಮಗಳೂ ಅಲ್ಲಿಯೇ ನರ್ಸಿಂಗಿಗೆ ಸೇರಿದಳು. ಓದುವ ಮಕ್ಕಳು ಕೆಲವು ವಾರ ಬೇರೆ ದೇಶದ ಆಸ್ಪತ್ರೆಗೆ ಹೋಗಿ ಕೆಲಸ ನೋಡಿಬರಬಹುದೆಂಬ ಏರ್ಪಾಡು ಅಲ್ಲಿದೆ. 2023ರಲ್ಲಿ ಇವಳು ತನ್ನ ಚರ್ಚಿನ ಮೂಲಕ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ, ಅಶಾಂತಿ ಸೀಮೆಯ ಒಂದು ಹಳ್ಳಿಯ ಮಿಶನ್ ಆಸ್ಪತ್ರೆಗೆ, ನಾಲ್ಕು ವಾರ ಹೋಗಿಬಂದಳು. (ಅಶಾಂತಿ ಎಂದರೆ ಗಾಬರಿಯಾಗಬೇಡಿ, ಅದು ಅಲ್ಲಿಯ ಜನರ ಹೆಸರು.) ಟಿಕೆಟ್ಟಿನ ಹಣಕ್ಕಾಗಿ ಚರ್ಚಿನ ಅಂಗಳದಲ್ಲಿ ಕೇಕು ಮಾರಿದ್ದಳಂತೆ.

ಘಾನಾ ನಮಗೆ ತೀರಾ ಅಪರಿಚಿತವೇನಲ್ಲ. ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ, 1828ರಲ್ಲಿ, ಅವರವರೇ ಆ ಕರಾವಳಿಗೆ ಹೋಗಿ ಇಳಿದಿದ್ದರು. ಮೊದಮೊದಲು ಹೋದವರಲ್ಲಿ ಬಹುಪಾಲು ಮಂದಿ ಜ್ವರ ಬಂದು ಅಲ್ಲೇ ಮಣ್ಣಾದರು. ಇಲ್ಲಿ ಕಿಟೆಲ್ ಸಾಹೇಬರ ಕನ್ನಡ ನಿಘಂಟು 1894ರಲ್ಲಿ ಬಂದರೆ, ಅಲ್ಲಿ ಕ್ರಿಸ್ಟಲರ್ ಎಂಬವರ ಟ್ವಿ ಭಾಷೆಯ ನಿಘಂಟು 1881ರಲ್ಲೇ ಬಂದಿತ್ತು. ಇಲ್ಲಿ ಬೆಟಗೇರಿಯ ಆಸ್ಪತ್ರೆ 1902ರದು, ಡಾಕ್ಟರ್ ಎವಾ ಲೊಂಬಾರ್ಡ್ ಕಟ್ಟಿದ ಉಡುಪಿಯ ಆಸ್ಪತ್ರೆ 1923ರದು. ಅಶಾಂತಿಯ ಅಗೊಗೊ ಊರಿನ ಆಸ್ಪತ್ರೆ 1931ರದು. ಹುಡುಗಿ ಹೋದದ್ದು ಅಗೊಗೊಕ್ಕಲ್ಲ, ಅದಕ್ಕಿಂತ ಬಹಳ ಚಿಕ್ಕದಕ್ಕೆ. ಆದರೂ ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ ಹುಟ್ಟಿದ ತಾಯಿಯ ಮಗಳು ದೊಡ್ಡಪ್ಪನ ಮಕ್ಕಳ ಮನೆಗೆ ಹೋದ ಹಾಗಾಯಿತು ಎಂದು ನಾನು ನಕ್ಕಿದ್ದೆ.

ಬಂದ ಮೇಲೆ ಅವಳು ನನಗೆ ಫೋನು ಮಾಡಿ ಒಂದು ರಾತ್ರಿಯ ಸಂಗತಿ ಹೇಳಿದಳು. ಮಕ್ಕಳ ವಾರ್ಡು, ಇಡೀ ವಾರ್ಡಿಗೆ ಒಬ್ಬಳೇ ನರ್ಸ್. ಒಂದು ಮಗುವಿಗೆ ಮಲೇರಿಯಾ ತಲೆಗೇರಿ ಫಿಟ್ಸ್ ಬರುತ್ತಿದೆ. ನರ್ಸ್ ಅದರ ಬಳಿ. ಅಷ್ಟರಲ್ಲಿ ಇನ್ನೊಂದು ಮಗುವನ್ನು ತಾಯಿ ಹೊತ್ತು ತಂದಳು. ವಾಂತಿ ಭೇದಿಯಾಗಿ ಕಣ್ಣು ಒಳಸರಿದಿವೆ. ನರ್ಸ್ ಅಲ್ಲಿಂದಲೇ ಕೂಗಿ ಹೇಳಿದಳು: ನೀನೇ ಸೂಜಿ ಹಾಕಿ ಡ್ರಿಪ್ ಶುರುಮಾಡು. ಇವಳಿಗೆ ಆ ಕೆಲಸವನ್ನು ಇನ್ನೂ ಕಲಿಸಿರಲಿಲ್ಲ. ಮೈಯ ನೀರು ಬತ್ತಿದ ಮಗುವಿನ ನರ ನುರಿತವರ ಕೈಗೂ ಸುಲಭಕ್ಕೆ ಸಿಗುವಂಥದ್ದಲ್ಲ. ಇವಳು ಆಗುವುದಿಲ್ಲವೆಂದಳು. ಓಆರ್‌ಎಸ್ ಪುಡಿಯನ್ನು ನೀರಿಗೆ ಕಲಸಿ, ಚಮಚದಲ್ಲಿ ಹನಿಹನಿಯಾಗಿ ಕುಡಿಸುತ್ತ ಕುಳಿತಳು. ನರ್ಸ್ ಬಿಡುವಾಗಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಮಗು ಉಳಿಯಿತು. ಆದರೆ ಹುಡುಗಿಯ ಪ್ರಶ್ನೆ ಉಳಿದೇಬಿಟ್ಟಿತು: "ಟೀಚರ್, ನಾನು ಹೆದರಿ ಆಗುವುದಿಲ್ಲ ಅಂದೆನೋ, ಸರಿಯೆಂದು ತಿಳಿದು ಅಂದೆನೋ ನನಗೇ ಗೊತ್ತಿಲ್ಲ. ಆ ಮಗು ಸತ್ತಿದ್ದರೆ?"

ಸುಲಭದ ಉತ್ತರ ಎಲ್ಲರ ಬಾಯಲ್ಲೂ ಇದೆ. ಊರಿನಲ್ಲಿ ಮಾಡಲು ಅಪ್ಪಣೆಯಿಲ್ಲದ್ದನ್ನು ಪರವೂರಿನಲ್ಲೂ ಮಾಡಬಾರದು. ಹೊರಡುವ ಮೊದಲು ಕಾಲೇಜಿನವರು ಅವಳಿಗೆ ಹೇಳಿಕೊಟ್ಟದ್ದೂ ಇದನ್ನೇ. ಆದರೆ ಆ ನಿಯಮ ಮಾಡಿದವರ ಊರಿನಲ್ಲಿ ಗಂಟೆ ಒತ್ತಿದರೆ ಇನ್ನೊಬ್ಬ ನರ್ಸ್ ಬರುತ್ತಾಳೆ. 2006ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಜಗತ್ತಿನ ರೋಗಭಾರದಲ್ಲಿ ಆಫ್ರಿಕದ ಪಾಲು 100ಕ್ಕೆ 24. ಆರೋಗ್ಯ ಕೆಲಸಗಾರರಲ್ಲಿ 100ಕ್ಕೆ 3. ಒತ್ತಲು ಗಂಟೆಯೇ ಇಲ್ಲದ ಕಡೆ ನಿಯಮಕ್ಕೆ ಎಷ್ಟು ಬೆಲೆ ಎಂದು ಯಾರಾದರೂ ಕೇಳಿದರೆ ಅದು ತಲೆಹರಟೆಯ ಮಾತಲ್ಲ.

ಆದರೂ ಹುಡುಗಿ ಮಾಡಿದ್ದೇ ಸರಿ ಎಂದು ನಾನು ಹೇಳಿದೆ. ಕಾರಣ ನನ್ನ ಬಿ.ಎಡ್. ದಿನಗಳಲ್ಲಿದೆ. ಪ್ರಾಕ್ಟೀಸ್ ಟೀಚಿಂಗ್ ಎಂದು ನಮ್ಮನ್ನು ಪಾಠಯೋಜನೆ, ಚಾರ್ಟು, ಬಣ್ಣದ ಚಾಕುಗಳ ಸಮೇತ ಶಾಲೆಗಳಿಗೆ ಕಳಿಸುತ್ತಿದ್ದರು. ಯಾವ ಶಾಲೆಗೆ? ಸರಕಾರಿ ಶಾಲೆಗಳಿಗೆ. ಊರಿನ ದೊಡ್ಡ ಕಾನ್ವೆಂಟು ಒಂದು ದಿನವೂ ನಮ್ಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಲ್ಲಿನ ತಂದೆತಾಯಿಗಳು ತಕರಾರು ಮಾಡುತ್ತಾರೆಂದು. ಬೀಡಿ ಕಟ್ಟುವ ತಾಯಂದಿರು ತಕರಾರು ಮಾಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರಿಕೆ ಕಲಿಯುವುದೂ ಸರಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲೇ, ಸ್ಪೆಶಲ್ ರೂಮಿನಲ್ಲಲ್ಲ. ಯಾವ ವಿದ್ಯೆಯಾದರೂ ಯಾರದೋ ಮೇಲೆ ಕಲಿಯಲೇಬೇಕು, ಒಪ್ಪಿದೆ. ಆದರೆ ಆ ಯಾರೋ ಎಂಬವರು ಎಲ್ಲ ಕಾಲಕ್ಕೂ ಬೇಡವೆನ್ನಲಾರದವರೇ ಆಗಿರುವುದು ದೈವಸಂಕಲ್ಪವೇನಲ್ಲ. ಆ ತಾಯಿ ಮಗುವಿನ ಕೈಯನ್ನು ಒಡ್ಡುತ್ತಿದ್ದಳು, ನಿಜ. ಬಿಳಿಯ ಅಂಗಿ ತೊಟ್ಟ ಈ ಹುಡುಗಿಗೆ ಸೂಜಿ ಹಿಡಿದು ರೂಢಿಯಿಲ್ಲವೆಂದು ಅವಳಿಗೆ ಹೇಳುವವರು ಯಾರಿದ್ದರು?

ಇನ್ನೊಂದು ಮಾತು. ಹುಡುಗಿ ಸುಮ್ಮನೆ ಕೂರಲಿಲ್ಲ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ಪಿನ ಬಾಟಲುಗಳು ಮುಗಿದು, ಸೂಜಿ ಹಾಕುವವರೂ ಸಾಲದೆ ಹೋದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಮಾಡಿದ್ದೂ ಇದನ್ನೇ. ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕಲಿಯದ ಕೈಗೂ ಒಪ್ಪುವ ಕೆಲಸಗಳಿವೆ. ಹೀರೋಯಿನ್ ಆಗುವ ಚಪಲವಿಲ್ಲದಿದ್ದರೆ ಅವು ಕಣ್ಣಿಗೆ ಬೀಳುತ್ತವೆ.

ಚಪಲ ಎಂದು ಬೇಕೆಂದೇ ಬರೆದೆ. ಉಗಾಂಡದ ಜಿಂಜಾ ಎಂಬ ಊರಿನಲ್ಲಿ ಅಮೆರಿಕದ ಯುವತಿಯೊಬ್ಬಳು, ವೈದ್ಯವನ್ನಾಗಲಿ ದಾದಿಯ ಕೆಲಸವನ್ನಾಗಲಿ ಕಲಿತವಳಲ್ಲ, ದೇವರ ಕರೆಯೆಂದು ನಂಬಿ ಬಡಕಲು ಮಕ್ಕಳಿಗಾಗಿ ಒಂದು ಕೇಂದ್ರ ನಡೆಸಿದಳು. 2010ರಿಂದ 2015ರವರೆಗೆ ಅಲ್ಲಿಗೆ ಬಂದ 900ಕ್ಕೂ ಹೆಚ್ಚು ಮಕ್ಕಳಲ್ಲಿ 105 ಮಕ್ಕಳು ತೀರಿಕೊಂಡವು. 2019ರಲ್ಲಿ ತಾಯಂದಿರು ದಾವೆ ಹೂಡಿದರು. ಡಾಕ್ಟರಂತೆ ನಡೆದುಕೊಂಡಳೆಂಬ ಆರೋಪವನ್ನು ಅವಳು ಅಲ್ಲಗಳೆದಳು. 2020ರಲ್ಲಿ ತಪ್ಪೊಪ್ಪಿಗೆಯಿಲ್ಲದೆ ರಾಜಿಯಾಯಿತು. ಬಂದ ಮಕ್ಕಳು ಮೊದಲೇ ಸಾಯುವ ಸ್ಥಿತಿಯಲ್ಲಿದ್ದಿರಬಹುದು. ಅವಳ ಮನಸ್ಸು ಒಳ್ಳೆಯದೆಂದೇ ಇಟ್ಟುಕೊಳ್ಳೋಣ. ಆದರೆ ಅದೇ ವಯಸ್ಸಿನ ಉಗಾಂಡದ ಹುಡುಗಿಯೊಬ್ಬಳು ಅಮೆರಿಕಕ್ಕೆ ಹೋಗಿ ಹೀಗೊಂದು ಕೇಂದ್ರ ತೆರೆಯಲು ಒಂದು ದಿನವಾದರೂ ಬಿಡುತ್ತಿದ್ದರೇ?

ಪ್ರಾರ್ಥನೆಯ ವಿಷಯವನ್ನೂ ಹುಡುಗಿ ಹೇಳಿದಳು. ವಿಶ್ವಾಸವನ್ನು ತಾನು ಅಲ್ಲಿಗೆ ಕೊಂಡೊಯ್ಯುತ್ತಿದ್ದೇನೆಂದು ಅವಳು ತಿಳಿದಿದ್ದಳು. ಹೋಗಿ ನೋಡಿದರೆ ದಿನವೂ ಬೆಳಿಗ್ಗೆ ಇಡೀ ಆಸ್ಪತ್ರೆ ಡೋಲು ಬಡಿದು ಹಾಡುತ್ತದೆ! 2021ರ ಜನಗಣತಿಯ ಪ್ರಕಾರ ಘಾನಾದಲ್ಲಿ 100ಕ್ಕೆ 71 ಮಂದಿ ಕ್ರೈಸ್ತರು. ಹಿರಿಯ ನರ್ಸ್ ಈ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಇಂಗ್ಲೆಂಡಿನ ಖಾಲಿ ಚರ್ಚುಗಳಿಗಾಗಿ ಪ್ರಾರ್ಥಿಸಿದಳಂತೆ. ಅದಿರಲಿ. ಇವಳ ತಂಡದವರಿಗೆ ಒಂದು ಸೂಚನೆಯಿತ್ತು: ರೋಗಿಗಳನ್ನು "ನಿಮಗಾಗಿ ಪ್ರಾರ್ಥಿಸಲೇ?" ಎಂದು ಕೇಳಬೇಕು, ಒಪ್ಪಿದರೆ ಮಾತ್ರ ಪ್ರಾರ್ಥಿಸಬೇಕು. ಎಲ್ಲರೂ ಒಪ್ಪಿದರು. ಉತ್ತರದ ಕಡೆಯಿಂದ ಬಂದ ಒಬ್ಬ ಮುಸ್ಲಿಂ ತಾಯಿಯೂ ತಲೆಯಾಡಿಸಿ ಕಣ್ಣು ಮುಚ್ಚಿದಳು. ಒಬ್ಬರೂ ಬೇಡವೆನ್ನಲಿಲ್ಲವಲ್ಲ ಎಂದು ಅವತ್ತು ಹುಡುಗಿಗೆ ಕಸಿವಿಸಿಯಾಯಿತು. ಮಾರನೆಯ ದಿನದಿಂದ ಕೇಳುವುದನ್ನು ಬಿಟ್ಟು, ಬೇಕೆನಿಸಿದಾಗ ಮನಸ್ಸಿನೊಳಗೇ ಪ್ರಾರ್ಥಿಸಿದಳು.

ನಾನು ಓದಿದ್ದು ಮಿಶನ್ ಶಾಲೆಯಲ್ಲಿ. ದಿನವೂ ಅವರ ಹಾಡು ಹಾಡುತ್ತಿದ್ದೆವು. ನಮ್ಮ ತಾಯಿ ತಕರಾರು ಮಾಡಲಿಲ್ಲ. ಫೀಸು ಕಡಿಮೆ, ಟೀಚರುಗಳು ಒಳ್ಳೆಯವರು. ಮಠದ ಉಚಿತ ಹಾಸ್ಟೆಲಿನಲ್ಲಿದ್ದ ನಮ್ಮ ಅಣ್ಣ ಊಟಕ್ಕೆ ಮೊದಲು ಭಜನೆಗೆ ಕೂರುತ್ತಿದ್ದ. ಅವನಿಗೂ ಬೇರೆ ದಾರಿಯಿರಲಿಲ್ಲ. ಇದರಿಂದ ನಮಗಿಬ್ಬರಿಗೂ ಕೆಡುಕಾಯಿತೆಂದು ಹೇಳಲಾರೆ. ಆದರೆ ಅನ್ನವನ್ನೋ ಔಷಧಿಯನ್ನೋ ಕೈಯಲ್ಲಿ ಹಿಡಿದುಕೊಂಡು ಕೇಳಿದ ಪ್ರಶ್ನೆಗೆ ಬಂದ ಹೌದನ್ನು ನಾನು ಪೂರ್ತಿ ಹೌದೆಂದು ಎಣಿಸುವುದಿಲ್ಲ. ಹುಡುಗಿ ಇಪ್ಪತ್ತರ ವಯಸ್ಸಿಗೇ ಇದನ್ನು ಕಂಡುಕೊಂಡಳಲ್ಲ, ಟಿಕೆಟ್ಟಿನ ದುಡ್ಡು ದಂಡವಾಗಲಿಲ್ಲ.

ಹೋದ ತಿಂಗಳು ತಾಯಿ ಫೋನು ಮಾಡಿದ್ದಳು. ಆ ರಾತ್ರಿಯ ನರ್ಸ್ ಹುಡುಗಿಗೆ ಪತ್ರ ಬರೆದಿದ್ದಾಳಂತೆ: ನಾನೂ ಇಂಗ್ಲೆಂಡಿಗೆ ಬರಬೇಕೆಂದಿದ್ದೇನೆ, ಪರೀಕ್ಷೆಗೆ ಓದುವ ಪುಸ್ತಕ ಕಳಿಸು. ಆರೋಗ್ಯ ಕೆಲಸಗಾರರ ಕೊರತೆ ವಿಪರೀತವಾಗಿರುವ 55 ದೇಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿತು, ಘಾನಾ ಅದರಲ್ಲಿದೆ. ಅಂಥಲ್ಲಿಗೆ ಏಜೆಂಟರನ್ನು ಕಳಿಸಿ ನರ್ಸುಗಳನ್ನು ಸೆಳೆಯಬಾರದೆಂದು ಇಂಗ್ಲೆಂಡಿನವರ ನಿಯಮ. ತಾವಾಗಿ ಅರ್ಜಿ ಹಾಕಿದವರಿಗೆ ಅಡ್ಡಿಯಿಲ್ಲ. ಆ ವಾರ್ಡಿನಿಂದ ಇವಳೂ ಹೊರಟರೆ ರಾತ್ರಿ ಯಾರಿರುತ್ತಾರೆಂದು ಹುಡುಗಿ ಎರಡು ವಾರ ಉತ್ತರ ಬರೆಯದೆ ಒದ್ದಾಡಿದಳಂತೆ.

"ನಾನು ಉಡುಪಿ ಬಿಟ್ಟು ಹೊರಟಾಗ ಇದನ್ನೆಲ್ಲ ಯಾರಾದರೂ ಕೇಳಿದ್ದರಾ ಟೀಚರ್?" ಎಂದಳು ತಾಯಿ. ಕೇಳಿರಲಿಲ್ಲ. ನಾವೆಲ್ಲ ಹಾರ ಹಾಕಿ ಕಳಿಸಿಕೊಟ್ಟಿದ್ದೆವು.

ಕೊನೆಗೆ ಹುಡುಗಿ ಪುಸ್ತಕಗಳನ್ನು ಕಳಿಸಿದಳು. ಅಂಚೆಯ ಖರ್ಚು ಪುಸ್ತಕದ ಬೆಲೆಗಿಂತ ಹೆಚ್ಚಾಯಿತೆಂದು ತಾಯಿ ಗೊಣಗುತ್ತಿದ್ದಳು.