ಯಾರಿಗೂ ಕಾಣದ ಕೆಂಪು

ಮೆಡಿಟರೇನಿಯನ್ ಕಡಲಿನ ಐವತ್ತು ಮೀಟರ್ ಆಳದಲ್ಲಿ ಹವಳ ಕೆಂಪಗೆ ಕಾಣುವುದಿಲ್ಲ. ನೀರು ಮೊದಲು ನುಂಗುವುದೇ ಬೆಳಕಿನ ಕೆಂಪನ್ನು. ಮುಳುಗಿ ಹೋದವರಿಗೆ ಕಾಣುವುದು ಬಂಡೆಯ ಕೆಳಮೈಗೆ ಜೋತುಬಿದ್ದ ಕಪ್ಪುಕಪ್ಪು ಕವಲುಗಳು, ಅವುಗಳ ಮೇಲೆ ಅರಳಿದ ಬಿಳಿಯ ಚುಕ್ಕೆಗಳು. ಟಾರ್ಚು ಹಾಕಿದರೆ ಮಾತ್ರ ಕೆಂಪು ಭಗ್ಗನೆ ಹೊತ್ತಿಕೊಳ್ಳುತ್ತದೆ.

ನನಗೆ ಸೋಜಿಗವಾಗುವುದು ಇಲ್ಲಿಯೇ. ನವಿಲಿನ ಗರಿಗೆ ಹೆಣ್ಣುನವಿಲಿದೆ, ಹೂವಿನ ಬಣ್ಣಕ್ಕೆ ದುಂಬಿಯಿದೆ. ಹವಳದ ಕೆಂಪು ಯಾರಿಗೆ? ಅದಕ್ಕೇ ಕಣ್ಣಿಲ್ಲ. ಸುಣ್ಣದಿಂದಾದ ಅದರ ಎಲುಬಿನಲ್ಲಿ ಕ್ಯಾರೊಟಿನಾಯ್ಡ್ ಬೆರೆತಿದೆ, ಗಜ್ಜರಿಗೆ ಬಣ್ಣ ಕೊಡುವ ವಸ್ತುವಿನ ಬಳಗದ್ದೇ. ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗದ ಜೀವ ಕತ್ತಲಲ್ಲಿ ಕೂತು ದಶಕಗಟ್ಟಲೆ ಕೆಂಪನ್ನು ಕೂಡಿಡುತ್ತದೆ.

ಅದು ಜೀವ ಎನ್ನುವುದನ್ನೇ ಜನ ಬಹುಕಾಲ ಒಪ್ಪಲಿಲ್ಲ. ನೀರಿನಿಂದ ತೆಗೆದೊಡನೆ ಕಲ್ಲಾಗುವ ಗಿಡ ಎಂದು ನಂಬಿದ್ದರು. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ಪಂಡಿತ ಅದರ ಬಿಳಿ ಚುಕ್ಕೆಗಳನ್ನು ಕಂಡು ಹೂವೆಂದೇ ಸಾರಿದ. ಇಪ್ಪತ್ತು ವರ್ಷದೊಳಗೆ ಮಾರ್ಸೇಯ ವೈದ್ಯ ಪೆಯ್ಸೊನೆಲ್ ಉತ್ತರ ಆಫ್ರಿಕಾದ ಕರಾವಳಿಯಲ್ಲಿ ಹವಳವನ್ನು ಕಡಲ ನೀರಿನಲ್ಲೇ ಇಟ್ಟು ಗಮನಿಸಿದ. ಮುಟ್ಟಿದರೆ ‘ಹೂ’ ಮುದುಡಿತು, ಬಿಟ್ಟರೆ ಮತ್ತೆ ಚಾಚಿತು. ಇದು ಪ್ರಾಣಿ ಎಂದು ಪ್ಯಾರಿಸಿಗೆ ಬರೆದ. ಅಲ್ಲಿನ ವಿಜ್ಞಾನ ಅಕಾಡೆಮಿಯ ದೊಡ್ಡ ವಿದ್ವಾಂಸ ರಿಯೊಮ್ಯೂರ್ ಆ ವಿಚಾರವನ್ನು ಸಭೆಯ ಮುಂದಿಟ್ಟ, ಆದರೆ ಬರೆದವನ ಹೆಸರು ಹೇಳಲಿಲ್ಲ. ನಗೆಪಾಟಲಾದಾನು ಎಂಬ ಕನಿಕರವಂತೆ! ಕನಿಕರದಿಂದಲೂ ಮನುಷ್ಯನ ಬಾಯಿ ಮುಚ್ಚಿಸಬಹುದು. ಮಾತು ನಿಜವೆಂದು ರಿಯೊಮ್ಯೂರ್ ಒಪ್ಪಿಕೊಂಡದ್ದು 1740ರ ದಶಕದಲ್ಲಿ.

ಆ ಹೊತ್ತಿಗೆ ಹವಳ ಪ್ರಾಣಿಯೋ ಗಿಡವೋ ಎಂದು ಕೇಳದೆಯೇ ಇಟಲಿಯ ಲಿವೊರ್ನೊ ಬಂದರಿನ ಯಹೂದಿ ವರ್ತಕರು ಅದನ್ನು ಗೋವೆಗೆ ಕಳಿಸುತ್ತಿದ್ದರು, ಬದಲಿಗೆ ನಮ್ಮ ದೇಶದ ವಜ್ರ ತರಿಸಿಕೊಳ್ಳುತ್ತಿದ್ದರು. ವಜ್ರಕ್ಕೆ ಹವಳ! ನಮ್ಮಲ್ಲಿ ಕರಿಮಣಿಯ ನಡುವೆ ಕೂತದ್ದು, ಕುಜನ ದೆಸೆಗೆಂದು ಉಂಗುರವೇರಿದ್ದು ಇದೇ ಎಲುಬು. ಕೊರಳಿಗೆ ಬಂದ ಮೇಲೆಯೇ ಅದರ ಕೆಂಪಿಗೆ ಹಗಲು ಸಿಕ್ಕಿದ್ದು.

ಲಕ್ಷದ್ವೀಪವನ್ನು ಕಟ್ಟಿದ ಹವಳಗಳು ಬೇರೆ ಕುಲದವು. ಅವುಗಳ ಎಲುಬು ಬರೀ ಬಿಳಿ. ಕಂದು, ಹಸಿರುಗಂದು ಮೈಬಣ್ಣ ಬಹುಮಟ್ಟಿಗೆ ಬಾಡಿಗೆಯದು: ಜೀವಕೋಶಗಳ ಒಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಮನೆಯೊಡೆಯನಿಗೂ ಉಣಿಸುತ್ತದೆ. ಕಡಲು ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಕಾದು ಹಲವು ವಾರ ಹಾಗೇ ಉಳಿದರೆ ಆ ಒಕ್ಕಲು ಹೊರಬೀಳುತ್ತದೆ. ಗಾಜಿನಂಥ ಮೈಯ ಕೆಳಗಿನ ಎಲುಬು ಬೆಳ್ಳಗೆ ಕಾಣುತ್ತದೆ. ಹವಳ ಆಗಲೂ ಸತ್ತಿರುವುದಿಲ್ಲ, ಹಸಿದಿರುತ್ತದೆ ಅಷ್ಟೆ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ, ಬಣ್ಣವೂ ಮರಳುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ ಹೀಗೆ ಬಿಳುಚಿದ ದಿಬ್ಬಗಳು ಕೆಲವೆಡೆ ನಿಧಾನವಾಗಿ ಚೇತರಿಸಿಕೊಂಡವು. 2010ರಲ್ಲಿ ಮತ್ತೆ ಬಿಳುಚಿದವು, 2016ರಲ್ಲಿ ಮತ್ತೆ, 2024ರಲ್ಲಿ ಮತ್ತೆ.