ತಲಿಗೆ ಹಚ್ಚಿದ ಪ್ರಸಾದ

ಬೇಗಂ ಬಜಾರಿನ ಅಂಗಡಿಯವರು ಅದನ್ನು ‘ಅಲ್ಸಿ’ ಅನ್ನುತ್ತಾರೆ, ಪಕ್ಕದ ಮನೆಯ ತೆಲುಗು ಅಕ್ಕ ‘ಅವಿಸೆ ಗಿಂಜಲು’ ಅನ್ನುತ್ತಾರೆ. ಕಲಬುರಗಿಯಿಂದ ಹೈದರಾಬಾದಿಗೆ ಸೊಸೆಯಾಗಿ ಬಂದ ನನಗೆ ಅದು ಅಗಸಿ. ಚಟಪಟ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ಕುಟ್ಟಿದರೆ ಹಿಂಡಿ. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾದವು. ಇಲ್ಲೇ ಉಳಿದ ನನ್ನ ಅತ್ತೆಮನೆಯಂಥ ಕನ್ನಡ ಮನೆಗಳಲ್ಲಿ ಜೋಳದ ರೊಟ್ಟಿಯೂ ಅಗಸಿ ಹಿಂಡಿಯೂ ಉಳಿದವು.

ಒಂದು ಶನಿವಾರ ರಾತ್ರಿ ಮಗಳು ನಾಲ್ಕು ಚಮಚ ಅಗಸಿಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿದಳು. ನೀರು ಲೋಳೆಯಾಯಿತು. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ತನ್ನ ಗುಂಗುರು ಕೂದಲಿಗೆ ಸವರಿಕೊಂಡಳು. ಬಟ್ಟೆಯಲ್ಲಿ ಉಳಿದ ಬೀಜ ಕಸದ ಬುಟ್ಟಿಗೆ ಹೋಯಿತು. ನನ್ನ ಕರುಳು ಚುರ್ ಅಂದಿತು.

“ತಿನ್ನೂದು ತಲಿಗೆ ಯಾಕ ಹಚ್ಚತಿ?”

“ಅವ್ವಾ, ನೀ ಕೊಬ್ಬರಿ ಎಣ್ಣಿ ಹಚ್ಚಂಗಿಲ್ಲೇನು?”

ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮಜ್ಜ ಊಟವಾದ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಲಿಂಗಕ್ಕೆ ಅರ್ಪಿಸಿ ಪಡೆದದ್ದು ಪ್ರಸಾದ, ಅದರ ಒಂದು ಅಗುಳೂ ಹಾಳಾಗಬಾರದು ಎಂಬುದು ಅವರ ನೇಮ. ಆ ನೇಮದಲ್ಲಿ ಬೆಳೆದ ನಾನು ಪ್ರಸಾದವೆಂದರೆ ನಾಲಿಗೆಯದು ಮಾತ್ರ ಎಂದುಕೊಂಡಿದ್ದೆ. ಆದರೆ ವಚನಕಾರ ಶರಣರು ಹಾಗೆ ಹೇಳಲಿಲ್ಲ. ಕಣ್ಣಿಗೆ ಬಂದ ರೂಪ, ಮೂಗಿಗೆ ಬಂದ ಗಂಧ, ಚರ್ಮಕ್ಕೆ ತಾಗಿದ ಸ್ಪರ್ಶ ಎಲ್ಲವನ್ನೂ ಅರ್ಪಿಸಿಯೇ ಅನುಭವಿಸಬೇಕೆಂದರು. ಹಾಗಿದ್ದರೆ ಕೂದಲಿಗೆ ತಾಗುವ ತಂಪು ಯಾಕೆ ಹೊರಗುಳಿಯಬೇಕು?

ಆದರೂ ಅನುಮಾನ ಹೋಗಲಿಲ್ಲ. ಇದು ಬರೀ ಹೊರಗಿನ ಚೆಲುವಿನ ಮೋಹವಲ್ಲವೇ? ಆಗ ನೆನಪಾದದ್ದು ಶರಣರ ಸಂವಾದಗಳಿರುವ ಶೂನ್ಯಸಂಪಾದನೆಯ ಒಂದು ಪ್ರಸಂಗ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕೇಳುತ್ತಾನೆ: ಸೀರೆ ಬಿಟ್ಟವಳು ಕೂದಲಿನಿಂದ ಮೈ ಯಾಕೆ ಮುಚ್ಚಿಕೊಂಡೆ? ಅಕ್ಕ ಹಣ್ಣನ್ನು ತೋರಿಸಿ ಮಾತಾಡುತ್ತಾಳೆ. ಒಳಗು ಮಾಗುವತನಕ ಹೊರಗಿನ ಸಿಪ್ಪೆಗೂ ಅದರದೇ ಕೆಲಸವಿದೆ ಎಂದು ನಾನು ಅದನ್ನು ತಿಳಿಯುತ್ತೇನೆ.

ಅಗಸಿ ಅದನ್ನೇ ನನ್ನ ಕೈಯಲ್ಲಿ ತೋರಿಸಿತು. ಕುದಿಸಿದಾಗ ಬಿಡುವ ಲೋಳೆ ಬೀಜದ ಸಿಪ್ಪೆಯದು. ಎಣ್ಣೆ, ಒಮೆಗಾ-3, ಪ್ರೋಟೀನು ಬಹುಪಾಲು ಒಳಗಿನ ತಿರುಳಿನಲ್ಲೇ ಉಳಿದಿರುತ್ತವೆ. ಸಿಪ್ಪೆ ಕೊಟ್ಟದ್ದು ಕೂದಲನ್ನು ನುಣುಪು ಮಾಡಿ ಹಿಡಿದಿಡುತ್ತದೆ, ಅಷ್ಟೇ ಅದರ ಕೆಲಸ. ತಿರುಳು ಹೊಟ್ಟೆಗೆ ಸೇರಬೇಕು. ಇಡಿಯಾಗಿ ನುಂಗಿದರೆ ಬೀಜ ಅರಗದೆ ಹೊರಟುಹೋಗುತ್ತದೆ; ಆದ್ದರಿಂದ ಅರೆಯಬೇಕು. ಅಂದರೆ ಮಗಳು ತಲೆಗೆ ಹಚ್ಚಿಕೊಂಡದ್ದು ತಪ್ಪಲ್ಲ. ತಿರುಳನ್ನು ಕಸಕ್ಕೆ ಹಾಕಿದ್ದು ತಪ್ಪು. ಅದನ್ನು ಬಿಟ್ಟು ತಲೆಗೆ ಹಚ್ಚಿದ್ದನ್ನೇ ಬೈದದ್ದು ನನ್ನ ತಪ್ಪು.

ಇದನ್ನು ಮಗಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮುಂದಿನ ಶನಿವಾರ ಲೋಳೆ ಸೋಸಿ, ಗಂಟು ಕಟ್ಟಿದ ಬಟ್ಟೆಯನ್ನು ತಂದು ನನ್ನ ಕೈಗಿಟ್ಟಳು. ಇನ್ನೂ ಬೆಚ್ಚಗಿತ್ತು. ಅರೆದು ಜೋಳದ ಹಿಟ್ಟಿಗೆ ಸೇರಿಸಿ ನಾದಿದೆ. ಮೊದಲ ರೊಟ್ಟಿ ಅವಳ ತಾಟಿಗೆ ಹಾಕಿದಾಗ, ಕಣ್ಣು ಮುಚ್ಚಿ ಒಂದು ಕ್ಷಣ ಕೈಮುಗಿದು ಆಮೇಲೆ ಮುರಿದಳು.