ಸದ್ದು, ತೂಕ ಮತ್ತು ಸ್ಮೃತಿ

ಕೆಲವು ವರ್ಷಗಳ ಹಿಂದಿನ ಮಾತು. ಮಂಚಿಕೇರಿಯ ನಮ್ಮ ಅಂಗಡಿಯಲ್ಲಿ ಅಡಿಕೆ ಚೀಲಗಳ ತೂಕವನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಸಮೀಪದ ತೋಟದಲ್ಲಿ ಮಂಗಗಳನ್ನು ಓಡಿಸಲು ಯಾರೋ ಹಚ್ಚಿದ ಗರ್ನಾಲು ಸಿಡಿಯಿತು. ಬೆಚ್ಚಿದೆನಾದರೂ ಮರುಕ್ಷಣವೇ ಬರವಣಿಗೆಯನ್ನು ಮುಂದುವರಿಸಿದೆ. ಸಂಜೆ ಲೆಕ್ಕ ತಾಳೆ ನೋಡುವಾಗ 62 ಕಿಲೋ ಇರಬೇಕಾದಲ್ಲಿ 26 ಎಂದಿತ್ತು. ರೈತನು ಅಷ್ಟಕ್ಕೇ ಹಣ ಪಡೆದು ಹೋಗಿಯಾಗಿತ್ತು. ಮರುದಿನ ಉಳಿದ ಹಣವನ್ನು ಮನೆಗೇ ತಲುಪಿಸಿ, "ಆ ಸದ್ದಿನಿಂದ ತಪ್ಪಾಯಿತು" ಎಂದೆ. ಆದರೆ ಆ ಮಾತಿನಿಂದ ನನಗೇ ಸಮಾಧಾನವಾಗಲಿಲ್ಲ. ತಪ್ಪು ನಿಜವಾಗಿಯೂ ಸದ್ದಿನದೇ?

ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಎಡೆಬಿಡದೆ ಸುರಿಯುವ ಮಳೆಗೆ ನಮ್ಮ ಕಿವಿ ಒಗ್ಗಿಹೋಗುತ್ತದೆ. ಅದೇ ಮಾಡಿನ ಮೇಲೆ ಒಂದು ತೆಂಗಿನಕಾಯಿ ಬಿದ್ದರೆ ಮನೆಮಂದಿಯೆಲ್ಲ ತಲೆಯೆತ್ತುತ್ತಾರೆ. ರೂಢಿಯ ಕ್ರಮವನ್ನು ಮುರಿದು ಬಂದ ಸದ್ದು ಗಮನವನ್ನು ತಾನಾಗಿಯೇ ಸೆಳೆಯುತ್ತದೆ, ಕೈಯ ಕೆಲಸ ಕ್ಷಣಕಾಲ ತಡೆಯುತ್ತದೆ ಎಂದು ಮನಶ್ಶಾಸ್ತ್ರವೂ ಹೇಳುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು 'ಇದೇನು?' ಎಂಬ ಪ್ರತಿವರ್ತನವೆಂದು ಕರೆದನು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದ್ದಾರೆ. ಸದ್ದು ಕಿವಿಗೆ ತಾಗಿ 'ಏನೋ ಇದೆ' ಎನಿಸುವುದು ಅವಗ್ರಹ, 'ಇದೇನು?' ಎಂದು ವಿಚಾರಿಸ ಹೊರಡುವುದು ಈಹಾ. ಕಿವಿಯುಳ್ಳ ಜೀವಕ್ಕೆ ಇದು ಸಹಜ. ಬೆಚ್ಚಿದುದಕ್ಕಾಗಿ ಯಾರೂ ಪಶ್ಚಾತ್ತಾಪ ಪಡಬೇಕಾಗಿಲ್ಲ.

ಆದರೆ ಸಾಮಾಯಿಕದ ಐದು ಅತಿಚಾರಗಳಲ್ಲಿ ಕೊನೆಯದು ಸ್ಮೃತ್ಯನುಪಸ್ಥಾನ: ಏಕಾಗ್ರತೆ ತಪ್ಪಿ, ಪಾಠ ಎಲ್ಲಿಯವರೆಗೆ ಆಯಿತೆಂಬ ನೆನಪೇ ಉಳಿಯದಿರುವುದು. ಅಂಗಡಿಯಲ್ಲಿ ನನಗಾದುದೂ ಇದೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಅಂದರೆ ಅಳತೆ-ತೂಕಗಳಲ್ಲಿ ಮೋಸ ಮಾಡುವುದು, ಒಂದಾಗಿದೆ. ಅದು ತಿಳಿದು ಮಾಡುವ ವಂಚನೆ, ನನ್ನದು ಹಾಗಲ್ಲ. ಆದರೂ 36 ಕಿಲೋ ಅಡಿಕೆಯ ಬೆಲೆ ಕಳೆದುಕೊಂಡ ರೈತನಿಗೆ ಎರಡೂ ಒಂದೇ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮಾದವನ್ನು ಮುಂದಿಟ್ಟುದು ಸುಮ್ಮನಲ್ಲ. ಬೆಚ್ಚಿದುದು ನನ್ನ ಪ್ರಮಾದವಲ್ಲ. ಬೆಚ್ಚಿದೆನೆಂದು ತಿಳಿದೂ ಹಿಂದಿನ ಸಾಲನ್ನು ಮತ್ತೊಮ್ಮೆ ನೋಡದೆ ಮುಂದೆ ಬರೆದುದು ನನ್ನ ಪ್ರಮಾದ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ತೂಕದ ನಡುವೆ ಯಾವ ಸದ್ದು ಬಂದರೂ ಆ ಚೀಲವನ್ನು ಮರಳಿ ತೂಗಿಸುತ್ತೇನೆ. ಜಪದಲ್ಲಿ ಎಣಿಕೆ ತಪ್ಪಿದರೆ ಮಾಲೆಯನ್ನು ಮೊದಲಿನಿಂದ ಆರಂಭಿಸುತ್ತೇನೆ. ಪ್ರತಿಕ್ರಮಣವೆಂದರೆ ತಪ್ಪಿದ ಸ್ಥಳಕ್ಕೆ ಹಿಂದಿರುಗುವುದೇ ಅಲ್ಲವೇ?

ಬಸದಿಗಳ ವ್ಯವಸ್ಥಾಪಕರಲ್ಲಿಯೂ ಒಂದು ವಿನಂತಿ. ಬೆಳೆ ಕಾಯುವವನ ಗರ್ನಾಲಿಗೆ ಕಾರಣವುಂಟು. ಆದರೆ 48 ನಿಮಿಷಗಳ ಸಾಮಾಯಿಕದ ನಡುವೆ ಜೇಬಿನಲ್ಲಿ ಮೊಬೈಲು ಕೂಗುವುದಕ್ಕೆ ಯಾವ ಕಾರಣವಿದೆ? ಬೆಚ್ಚಿದವರು ಸಮತೆಯಿಂದ ಸಹಿಸಿಕೊಂಡಾರು. ಅದು ಅವರ ಧರ್ಮ. ಅವರ ಸಹನೆಯನ್ನು ನೆಚ್ಚಿ ನಾವು ಅಜಾಗರೂಕರಾಗುವುದು ಮಾತ್ರ ಧರ್ಮವಲ್ಲ. ಒಳಗೆ ಬರುವ ಮುನ್ನ ಪಾದರಕ್ಷೆಯನ್ನು ಬಿಡುವಂತೆ ಅದರ ಸದ್ದನ್ನೂ ಬಾಗಿಲಲ್ಲಿಯೇ ಬಿಟ್ಟು ಬರೋಣ.